ಪೆಟ್ರೋಲ್ ಜೀಪು ಡೀಸೆಲ್ ಆದ ಕಥೆ

ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ನೀವು ಹೋಗಿದ್ದರೆ, ಕೊನೆಯ ಏರುದಾರಿಯಲ್ಲಿ ನಿಮ್ಮನ್ನು ಹೊತ್ತೊಯ್ದದ್ದು ಜೀಪೇ ಇರಬೇಕು. ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕುಳಿತವರಿಗೆ ಬೆಟ್ಟದ ನೋಟಕ್ಕಿಂತ ಸೊಂಟದ ನೋವೇ ಹೆಚ್ಚು ನೆನಪಿರುತ್ತದೆ. ಮಲೆನಾಡಿನಲ್ಲಿ ಎಲ್ಲಾದರೂ ನಿಜಕ್ಕೂ ಹಳೆಯ ಜೀಪು ಕಣ್ಣಿಗೆ ಬಿದ್ದರೆ ಅದರ ಚಾಲಕರನ್ನು ಒಂದು ಮಾತು ಕೇಳಿ: "ಅಣ್ಣಾ, ಇದಕ್ಕೆ ಯಾವ ಎಂಜಿನ್ ಕೂರಿಸಿದ್ದೀರಿ?" ಕಂಪನಿಯಿಂದ ಬಂದದ್ದೇ ಇದೆ ಎಂದು ಹೇಳುವವರು ಕಡಿಮೆ. ಅದು ಏಕೆ ಹೀಗೆ ಎಂಬುದನ್ನು ನೋಡೋಣ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1945ರಲ್ಲಿ ನಮ್ಮಲ್ಲಿ ಮಹೀಂದ್ರಾ ಸಹೋದರರು ಗುಲಾಂ ಮಹಮ್ಮದ್ ಎಂಬ ಪಾಲುದಾರರೊಂದಿಗೆ ಮಹೀಂದ್ರಾ ಅಂಡ್ ಮಹಮ್ಮದ್ ಎಂಬ ಸಂಸ್ಥೆ ಕಟ್ಟಿದರು. ದೇಶ ಇಬ್ಭಾಗವಾದಾಗ ಆ ಪಾಲುದಾರರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಇಲ್ಲಿನ ಸಂಸ್ಥೆ ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವುದರಿಂದ ಅದರ ವಾಹನ ವ್ಯವಹಾರ ಆರಂಭವಾಯಿತು.

ಈ ಜೀಪುಗಳೆಲ್ಲ ಪೆಟ್ರೋಲ್ ಕುಡಿಯುತ್ತಿದ್ದವು, ಅದೂ ಧಾರಾಳವಾಗಿ. 1973ರ ಅಕ್ಟೋಬರ್‌ನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆಯಿತು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರಕ್ಕೆ ಏರಿತು. ನಮ್ಮ ಸರ್ಕಾರಗಳು ಪೆಟ್ರೋಲನ್ನು ಉಳ್ಳವರ ಇಂಧನವೆಂದು ಬಗೆದು ಅದರ ಮೇಲೆ ಹೆಚ್ಚು ತೆರಿಗೆ ಹಾಕುತ್ತಿದ್ದವು. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಓಡಬೇಕೆಂದು ಡೀಸೆಲ್ಲನ್ನು ಅಗ್ಗವಾಗಿ ಇಟ್ಟಿದ್ದವು. ದಿನವೂ ಘಟ್ಟ ಹತ್ತಿಳಿಯುವ ಜೀಪಿನ ಮಾಲೀಕ ಏನು ಮಾಡಬೇಕು? ಗಾಡಿ ಮಾರುವಂತಿಲ್ಲ, ಕಾಫಿ ಮೂಟೆ ಹೊರಲು ಬೇರೆ ಗಾಡಿ ಆ ದಾರಿಯಲ್ಲಿ ಹತ್ತುವುದಿಲ್ಲ. ಉಳಿದ ದಾರಿ ಒಂದೇ, ಎಂಜಿನ್ ಬದಲಿಸುವುದು.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ತಾಗಿಸುತ್ತಾರೆ. ಹಳೆಯ ಜೀಪು ಆ ಮಿಶ್ರಣವನ್ನು ಸುಮಾರು ಏಳನೆಯ ಒಂದು ಭಾಗಕ್ಕೆ ಒತ್ತುತ್ತಿತ್ತು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವ ಬೇರೆ. ಅದರಲ್ಲಿ ಬರಿಯ ಗಾಳಿಯನ್ನು ಬಲವಾಗಿ ಒತ್ತಬೇಕು. ವಾಹನಗಳ ಡೀಸೆಲ್ ಎಂಜಿನ್ ಅದನ್ನು ಹದಿನಾರರಿಂದ ಇಪ್ಪತ್ತೆರಡನೆಯ ಒಂದು ಭಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಇಲ್ಲಿ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಡೀಸೆಲ್ಲನ್ನು ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕಿಡಿಯ ಗೊಡವೆಯೇ ಇಲ್ಲ. ಹಾಗಾಗಿ ಮಳೆಗಾಲದ ಹಳ್ಳ ದಾಟುವಾಗ ಕಿಡಿಯ ವೈರಿಗೆ ನೀರು ತಗಲಿ ಗಾಡಿ ನಿಲ್ಲುವ ಭಯವೂ ಇಲ್ಲ. ಮಲೆನಾಡಿನವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಇಷ್ಟು ಒತ್ತಡ ತಡೆಯುವ ಎಂಜಿನ್ ಭಾರವಾಗಿರಲೇಬೇಕು. ಅದನ್ನು ಮುಂದೆ ಕೂರಿಸಿದರೆ ಕಮಾನುಪಟ್ಟಿ ಕುಗ್ಗುತ್ತದೆ, ಇನ್ನೊಂದು ಪಟ್ಟಿ ಸೇರಿಸಬೇಕು. ಅಷ್ಟು ಒತ್ತುವ ಎಂಜಿನ್ನನ್ನು ತಿರುಗಿಸಿ ಎಬ್ಬಿಸಲು ಹಳೆಯ 6 ವೋಲ್ಟಿನ ಬ್ಯಾಟರಿ ಸಾಲದು, 12 ವೋಲ್ಟ್ ಬೇಕು. ಎಂಜಿನ್ನಿನ ಬೋಲ್ಟು ರಂಧ್ರಗಳು ಗೇರ್ ಬಾಕ್ಸಿನವುಗಳಿಗೆ ಹೊಂದುವುದಿಲ್ಲ, ನಡುವೆ ಒಂದು ದಪ್ಪ ತಗಡನ್ನು ಲೇತ್‌ನಲ್ಲಿ ಕಡೆದು ಹಾಕಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ಬೇಗ ಸವೆಯುತ್ತದೆ.

ಈಗ ಒಂದು ಲೆಕ್ಕ ಮಾಡಿ. ಹಳೆಯ ಜೀಪಿನ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಬಲ್ಲದು, ಆಗ ವೇಗ ಗಂಟೆಗೆ 98 ಕಿಲೋಮೀಟರು. 2000 ಸುತ್ತಿನ ಆಸುಪಾಸಿನಲ್ಲಿ ದುಡಿಯಲೆಂದೇ ಮಾಡಿದ ಟ್ರ್ಯಾಕ್ಟರ್ ಜಾತಿಯ ಡೀಸೆಲ್ ಎಂಜಿನ್ ಕೂರಿಸಿದರೆ? 49. ಬಸ್ಸುಗಳು ಹಿಂದಿನಿಂದ ಹಾರ್ನ್ ಹೊಡೆಯುತ್ತವೆ. ಆದ್ದರಿಂದ ಆಕ್ಸಲಿನೊಳಗಿನ ಹಲ್ಲುಚಕ್ರ ತೆಗೆದು 4.27 ಅನುಪಾತದ್ದು ಹಾಕಿದರೆ ವೇಗ 62 ಆಗುತ್ತದೆ. ಹಿಂದಿನ ಆಕ್ಸಲಿಗೆ ಮಾತ್ರ ಹಾಕಿ ಮುಂದಿನದನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ, ಯೋಚಿಸಿ ನೋಡಿ. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಕೇಳುತ್ತವೆ. ಎರಡನ್ನೂ ಬೆಸೆದಿರುವ ಹಲ್ಲುಗಳು ಮುರಿಯುವವರೆಗೂ ಆ ಜಗಳ ನಿಲ್ಲುವುದಿಲ್ಲ.

ಕಾರ್ಖಾನೆಯೂ ಸುಮ್ಮನಿರಲಿಲ್ಲ. ಟ್ರ್ಯಾಕ್ಟರಿಗಾಗಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ 1963ರಿಂದಲೇ ಸಹಯೋಗವಿತ್ತು. ಆ ಟ್ರ್ಯಾಕ್ಟರಿನ ಎಂಜಿನ್ನನ್ನೇ ತಿದ್ದಿ 1970ರ ದಶಕದಲ್ಲಿ ಜೀಪಿಗೆ ಇಳಿಸಿದರು. ಗಡಗಡ ಸದ್ದು ಕೇಳಿದವರಿಗೆ ಅದರ ಕುಲ ತಿಳಿಯುತ್ತಿತ್ತು. ಅನಂತರ ಫ್ರಾನ್ಸಿನ ಪೆಜೊ ಕಂಪನಿಯ ಪರವಾನಗಿಯಿಂದ ಮಾಡಿದ 2112 ಸಿ.ಸಿ. ಎಂಜಿನ್ ಬಂತು. 1985ರ ಎಂ.ಎಂ. 540 ಜೀಪಿನಲ್ಲಿ ಇದ್ದದ್ದು ಅದೇ. ಅದು ಬಂದ ಮೇಲೂ ಹಳೆಯ ಜೀಪಿನವರು ವರ್ಕ್‌ಶಾಪುಗಳಿಗೇ ಹೋಗುತ್ತಿದ್ದರು. ಹೊಸ ಜೀಪು ಕೊಳ್ಳುವ ಹಣ ಎಲ್ಲರಲ್ಲೂ ಎಲ್ಲಿತ್ತು?

ನನ್ನದೇ ಒಂದು ಅನುಭವ ಹೇಳುತ್ತೇನೆ. ಸುಮಾರು ಹದಿನೈದು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಕಡೆ ಚಿತ್ರೀಕರಣಕ್ಕೆ ಇಂಥದೊಂದು ಜೀಪು ಬಾಡಿಗೆಗೆ ಪಡೆದಿದ್ದೆವು. ಇಳಿಜಾರಿನಲ್ಲಿ ಚಾಲಕರು ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಎದ್ದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೆಡಲು ಕಲ್ಲಿನಂತಿತ್ತು. ಲೋ ಗೇರಿಗೆ ತಂದು, ತೋಟದ ಬದುವಿಗೆ ತಾಗಿಸಿ ನಿಲ್ಲಿಸಿದರು. ಕ್ಯಾಮೆರಾ ಹಿಡಿದಿದ್ದ ಹುಡುಗ ಆ ದಿನ ಮಾತೇ ಆಡಲಿಲ್ಲ. ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿ ತಲೆ ಚಚ್ಚಿಕೊಂಡರು. ಯಾರೋ ಕಾರಿನ ಬ್ರೇಕ್ ಬೂಸ್ಟರ್ ತಂದು ಹಾಕಿ, ಅದರ ಕೊಳವೆಯನ್ನು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ ಜೋಡಿಸಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಸರಿ: ಕಾಲು ತೆಗೆದೊಡನೆ ಅಲ್ಲಿನ ಕವಾಟ ಮುಚ್ಚಿ ನಿರ್ವಾತ ಉಂಟಾಗುತ್ತದೆ, ಬೂಸ್ಟರ್ ದುಡಿಯುವುದು ಆ ನಿರ್ವಾತದಿಂದಲೇ. ಈ ಡೀಸೆಲ್ ಎಂಜಿನ್ನಿನಲ್ಲಿ ಅಂಥ ಕವಾಟವೇ ಇರಲಿಲ್ಲ, ಗಾಳಿ ಸದಾ ಧಾರಾಳ. ಅದಕ್ಕೆ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪು ಬೇಕು. ಎಂಜಿನ್ ಬದಲಿಸಿದವರು ಬಲ್ಲವರಿದ್ದರು, ಬೂಸ್ಟರ್ ಹಾಕಿದವರು ಪುಸ್ತಕ ತೆರೆದಿರಲಿಲ್ಲ.

ಅದೇ ಮೆಕ್ಯಾನಿಕ್ ನನಗೆ ಹೊಗೆ ಓದುವುದನ್ನೂ ಕಲಿಸಿದರು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಹೊತ್ತುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರಿದೆ. ಟ್ಯಾಂಕು ಪೂರ್ತಿ ಬರಿದಾಗಲು ಮಾತ್ರ ಬಿಡಬೇಡಿ ಎನ್ನುತ್ತಿದ್ದರು. ಕೊಳವೆಗೆ ಗಾಳಿ ಹೊಕ್ಕರೆ ಪಂಪಿನ ಒತ್ತಡವೆಲ್ಲ ಗಾಳಿಯನ್ನು ಹಿಚುಕುವುದರಲ್ಲೇ ಮುಗಿದು ಡೀಸೆಲ್ ಸಿಂಪಡಿಸುವುದೇ ಇಲ್ಲ. ದ್ರವ ಕುಗ್ಗದು, ಅನಿಲ ಕುಗ್ಗುತ್ತದೆ: ನಿಮ್ಮ ಪಠ್ಯಪುಸ್ತಕದ ಇದೇ ಮಾತನ್ನು ಅವರು "ಏರ್ ಹಿಡಿದಿದೆ" ಎಂದು ಎರಡು ಪದದಲ್ಲಿ ಹೇಳುತ್ತಿದ್ದರು.

ಕಾಲ ಬದಲಾಗಿದೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂದ ಮೇಲೆ ಪೆಟ್ರೋಲಿಗೂ ಅದಕ್ಕೂ ಹಿಂದಿನಷ್ಟು ಅಂತರ ಉಳಿದಿಲ್ಲ. ಕಾನೂನೂ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಇಂಧನ ಬದಲಿಸುವುದಕ್ಕೆ ಪ್ರತ್ಯೇಕ ಷರತ್ತುಗಳಿವೆ, ಬದಲಾವಣೆ ದಾಖಲೆಯಲ್ಲಿ ಸೇರಲೇಬೇಕು. ಇದು ಬೇಕಾದದ್ದೇ ಎಂದು ಆ ಇಳಿಜಾರನ್ನು ಕಂಡ ನಾನು ಹೇಳಬಲ್ಲೆ. ಆದರೆ ಚೊಕ್ಕವಾಗಿ ಕೆಲಸ ಮಾಡಿದ ವರ್ಕ್‌ಶಾಪುಗಳ ಕೈಚಳಕವೂ ಇದರೊಂದಿಗೆ ಮರೆಯಾಗುತ್ತಿರುವುದಕ್ಕೆ ವ್ಯಥೆಯಿದೆ.

ಅಂದು ಸಂಜೆ ಪಂಪು ಹಾಕಿಸಿಕೊಂಡು ಹೊರಡುವಾಗ ಆ ಜೀಪಿನ ಆರ್.ಸಿ. ಪುಸ್ತಕ ಕೇಳಿ ನೋಡಿದೆ. ಇಂಧನದ ಸಾಲಿನಲ್ಲಿ ಇನ್ನೂ ಪೆಟ್ರೋಲ್ ಎಂದೇ ಬರೆದಿತ್ತು.