ಎರೆಹುಳದ ಕೇಕ್, ಕಣ್ಣುಗುಡ್ಡೆ ರಸಗುಲ್ಲ: ನೋಡಲು ಹೇಸಿಗೆ, ತಿನ್ನಲು ಅಪಾಯವೇ?

ಕೇಕ್ ಕತ್ತರಿಸಿದರೆ ಒಳಗಿಂದ ಹುಳಗಳು ಜಾರಿ ಬೀಳುತ್ತವೆ. ಬಟ್ಟಲಿನಲ್ಲಿ ಕಣ್ಣುಗುಡ್ಡೆಗಳು ತೇಲುತ್ತವೆ. ಇಂಥ ವಿಡಿಯೊ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಜೊತೆಗೆ ‘ಬೇಕರಿಯಲ್ಲಿ ಏನು ಮಾರುತ್ತಾರೆ ನೋಡಿ, ಎಲ್ಲರಿಗೂ ಕಳಿಸಿ’ ಎಂಬ ಸಾಲೂ ಇರಬಹುದು. ಅವುಗಳಲ್ಲಿ ಬಹಳಷ್ಟು ವಿನೋದಕ್ಕೆಂದೇ ಮಾಡಿದ ಸಿಹಿತಿಂಡಿಗಳು. ವಿದೇಶಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಇವನ್ನು ಮಾಡುವುದು ರೂಢಿ.

ಚಿಕ್ಕ ಉತ್ತರ: ಆಕಾರ ಹೇಸಿಗೆ ಹುಟ್ಟಿಸಿದರೆ ತಿಂಡಿ ಕೆಟ್ಟದ್ದಾಗುವುದಿಲ್ಲ. ಅಪಾಯವಿದ್ದರೆ ಅದು ಬಣ್ಣದಲ್ಲಿ, ಹೊಗೆಯಲ್ಲಿ, ಗಾತ್ರದಲ್ಲಿ ಅಥವಾ ಹೊರಗಿಟ್ಟ ಸಮಯದಲ್ಲಿ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವುದೇ ಇಲ್ಲ.

ಗೊತ್ತಿದ್ದರೂ ಹೇಸಿಗೆ ಏಕೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದೇ ಚಾಕೊಲೇಟ್ ಮಿಠಾಯಿಯನ್ನು ಎರಡು ರೂಪದಲ್ಲಿ ಮಾಡಿದರು: ಒಂದು ಸಾಮಾನ್ಯ ಆಕಾರ, ಇನ್ನೊಂದು ನಾಯಿಯ ಮಲದ ಆಕಾರ. ಎರಡೂ ಒಂದೇ ಎಂದು ತಿಳಿದಿದ್ದರೂ ಜನ ಎರಡನೆಯದಕ್ಕೆ ಹಿಂಜರಿದರು. ಕೊಳೆತದ್ದು, ಮಲ, ಹುಳ ಇವುಗಳಿಂದ ದೂರ ಸರಿಸುವ ಹೇಸಿಗೆ ನಮ್ಮನ್ನು ರೋಗದಿಂದ ಕಾಪಾಡುವ ಕಾವಲು. ಆದರೆ ಆ ಕಾವಲುಗಾರ ಆಕಾರ ನೋಡುತ್ತಾನೆಯೇ ಹೊರತು ಪದಾರ್ಥವನ್ನಲ್ಲ. ಇಂಥ ವಿಡಿಯೊ ಕಂಡ ಕೂಡಲೇ ಬೆರಳು ಫಾರ್ವರ್ಡ್ ಒತ್ತುವುದೂ ಇದೇ ಕಾರಣಕ್ಕೆ.

ಮನೆಯಲ್ಲಿ ಮಾಡುವುದು ಹೇಗೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಿರಾಣಿ ಅಂಗಡಿಯ ಸಾಮಾನೇ ಹೆಚ್ಚುಕಡಿಮೆ ಸಾಕು.

*ಮಣ್ಣು ಮತ್ತು ಎರೆಹುಳ:* ಚಾಕೊಲೇಟ್ ಬಿಸ್ಕತ್ತು ಪುಡಿ ಮಾಡಿದರೆ ಅದೇ ಮಣ್ಣು. ಹುಳಕ್ಕೆ 250 ಮಿಲಿಲೀಟರ್ ಹಾಲು ಅಥವಾ ಹಣ್ಣಿನ ರಸಕ್ಕೆ ಸುಮಾರು 2 ಗ್ರಾಂ ಅಗರ್ ಪುಡಿ, ಅಂದರೆ ಚೀನಾ ಗ್ರಾಸ್ ಪುಡಿ, ಹಾಕಿ ಕುದಿಸಿ. ದಪ್ಪ ಸ್ಟ್ರಾಗಳನ್ನು ಲೋಟದಲ್ಲಿ ಒತ್ತಾಗಿ ನಿಲ್ಲಿಸಿ, ತುಸು ಆರಿದ ಮೇಲೆ ಸುರಿಯಿರಿ. ಗಟ್ಟಿಯಾದ ನಂತರ ಸ್ಟ್ರಾ ಒತ್ತಿದರೆ ಹುಳ ಹೊರಬರುತ್ತದೆ.

ಜಿಲೆಟಿನ್ ಬದಲು ಅಗರ್ ಏಕೆ? ಅಗರ್ ಕಡಲಪಾಚಿಯಿಂದ ಬಂದದ್ದು. ಜಿಲೆಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು. ಇನ್ನೊಂದು ಕಾರಣ ನಮ್ಮ ಬಿಸಿಲು. ಜಿಲೆಟಿನ್ 35 ಡಿಗ್ರಿಯೊಳಗೇ ಕರಗುತ್ತದೆ; ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು. 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಜಿಲೆಟಿನ್ ಹುಳ ನೀರಾಗುತ್ತದೆ, ಅಗರ್ ಹುಳ ನಿಲ್ಲುತ್ತದೆ. ಅಂಗಡಿಯ ಜೆಲ್ಲಿ ಹುಳ ತರುವುದಾದರೆ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಇದೆಯೇ ನೋಡಿ, ಅತಿಥಿಗಳಿಗೂ ಮೊದಲೇ ಹೇಳಿ.

*ಕಣ್ಣುಗುಡ್ಡೆ:* ರಸಗುಲ್ಲದ ನಡುವೆ ಸಣ್ಣ ಕುಳಿ ತೋಡಿ ಕಪ್ಪು ದ್ರಾಕ್ಷಿಯ ತುಂಡು ಕೂರಿಸಿ. ಸಿಂಧನೂರು ಸಮೀಪದ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಿಗಂತೂ ರಸಗುಲ್ಲ ಮನೆಯ ತಿಂಡಿ.

*ಕಪ್ಪೆ ಮೊಟ್ಟೆ:* ಕಾಮಕಸ್ತೂರಿ ಬೀಜವನ್ನು 20 ನಿಮಿಷ ನೆನೆಸಿದರೆ ಸುತ್ತ ಲೋಳೆ ಕಟ್ಟುತ್ತದೆ. ಭತ್ತದ ಗದ್ದೆಯಲ್ಲಿ ಆಡಿದ ಮಕ್ಕಳಿಗೆ ಇದು ಏನೆಂದು ವಿವರಿಸಬೇಕಿಲ್ಲ. ಒಣ ಬೀಜ ತಿನ್ನಲು ಕೊಡಬೇಡಿ, ಗಂಟಲಲ್ಲೇ ಉಬ್ಬಬಹುದು.

*ರಕ್ತ:* ಬೀಟ್‌ರೂಟ್ ರಸಕ್ಕೆ ಸಕ್ಕರೆ ಹಾಕಿ ಪಾಕ ಬರುವವರೆಗೆ ಕುದಿಸಿ. ಮರುದಿನ ಕೆಲವರ ಮೂತ್ರ ಕೆಂಪಾಗಬಹುದು. ಅದು ಬೀಟ್‌ರೂಟಿನ ಬಣ್ಣ, ಗಾಬರಿ ಬೇಡ.

ನಿಜವಾದ ಅಪಾಯ ಎಲ್ಲಿ?

1. ಬಣ್ಣ. ಕರ್ನಾಟಕದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ, ಬಾಂಬೆ ಮಿಠಾಯಿಯ 25ರಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇವುಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಆ ಗುಲಾಬಿ ಮಿಠಾಯಿ ನೋಡಿ ಯಾರಿಗೂ ಹೇಸಿಗೆ ಆಗಿರಲಿಲ್ಲ ಎಂಬುದನ್ನು ಗಮನಿಸಿ.

ಅದೇ ವರ್ಷ ಕೇಕ್‌ಗಳ 235 ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು, 223 ಸರಿಯಾಗಿದ್ದವು. ಹಾಗಾಗಿ ‘ಕೇಕ್ ತಿಂದರೆ ಕ್ಯಾನ್ಸರ್’ ಎಂಬ ಸಂದೇಶ ಅರ್ಧ ಸತ್ಯವನ್ನು ಹಿಗ್ಗಿಸಿದ್ದು. ಮನೆಯಲ್ಲಿ ಮಾಡುವಾಗ ಸಡಿಲವಾಗಿ ತೂಗಿ ಕೊಡುವ ಬಣ್ಣದ ಪುಡಿ, ರಂಗೋಲಿ ಬಣ್ಣ, ಅಲಂಕಾರದ ಮಿಂಚು ಯಾವುದೂ ಬೇಡ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು.

2. ಹೊಗೆ. ಭೂತದ ಬಟ್ಟಲಿನಿಂದ ಹೊಗೆ ಬರಿಸಲು ದ್ರವ ಸಾರಜನಕ ಅಥವಾ ಡ್ರೈ ಐಸ್ ಬಳಸುವವರಿದ್ದಾರೆ. ದ್ರವ ಸಾರಜನಕ ಕುದಿಯುವುದೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಲೀಟರ್ ದ್ರವ ಅನಿಲವಾದಾಗ ಸುಮಾರು 700 ಲೀಟರ್ ಆಗುತ್ತದೆ. ನುಂಗಿದರೆ ಹೊಟ್ಟೆಯೊಳಗೆ ಅದು ಹಿಗ್ಗಲು ಜಾಗವೆಲ್ಲಿ? 2024ರಲ್ಲಿ ಬೆಂಗಳೂರಿನಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆ ಮೇ ತಿಂಗಳಲ್ಲಿ ಸರ್ಕಾರ ದ್ರವ ಸಾರಜನಕ ಸೇರಿಸಿದ ತಿನಿಸನ್ನು ಬಡಿಸುವುದಕ್ಕೆ ತಡೆ ಹಾಕಿತು. ಡ್ರೈ ಐಸ್ ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಮಕ್ಕಳ ಪಾರ್ಟಿಯಲ್ಲಿ ಇವೆರಡೂ ಬೇಡ.

3. ಗಾತ್ರ. ದುಂಡಗಿನ, ಜಾರುವ ತಿಂಡಿ ಪುಟ್ಟ ಮಕ್ಕಳ ಶ್ವಾಸನಾಳವನ್ನು ಮುಚ್ಚಬಲ್ಲದು. 5 ವರ್ಷದೊಳಗಿನವರಿಗೆ ರಸಗುಲ್ಲ, ದ್ರಾಕ್ಷಿ, ಜೆಲ್ಲಿ ಎಲ್ಲವನ್ನೂ ಉದ್ದಕ್ಕೆ ಸೀಳಿ, ಸಣ್ಣ ತುಂಡು ಮಾಡಿ, ಕೂರಿಸಿ ತಿನ್ನಿಸಿ. ಕೇಕಿನೊಳಗೆ ಪ್ಲಾಸ್ಟಿಕ್ ಜಿರಳೆ, ಜೇಡ ಅಡಗಿಸಬೇಡಿ.

4. ಸಮಯ. ಹಾಲು, ಕಸ್ಟರ್ಡ್, ಕೆನೆ ಇರುವ ತಿಂಡಿ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆಯೇ ಮಿತಿ. ಕೈಯಿಂದ ಸೇರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಿದರೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದರೂ ಕಸ್ಟರ್ಡಿನ ಬಣ್ಣ, ವಾಸನೆ, ರುಚಿ ಚೆನ್ನಾಗಿಯೇ ಇರಬಹುದು. ಕರೆಂಟ್ ಹೋಗುವ ದಿನ ಬಿಸ್ಕತ್ತು, ಹಣ್ಣು, ಅಗರ್ ಮೇಲೆ ನಿಲ್ಲುವ ತಿಂಡಿಯೇ ಲೇಸು.

ಫಾರ್ವರ್ಡ್ ಮಾಡುವ ಮೊದಲು

ಹುಳದ ಕೇಕಿನ ವಿಡಿಯೊ ಬಂದರೆ ಮೂರು ವಿಷಯ ನೋಡಿ. ಹುಳಗಳೆಲ್ಲ ಒಂದೇ ಅಳತೆ, ಒಂದೇ ಹೊಳಪು ಇವೆಯೇ? ಅಂಗಡಿ, ಊರು, ದಿನಾಂಕ ಹೇಳಿದ್ದಾರೆಯೇ? ವಿಡಿಯೊ ಕೊನೆಯವರೆಗೂ ಇದೆಯೇ, ಯಾರಾದರೂ ತಿನ್ನುವ ಮೊದಲೇ ಕತ್ತರಿಸಿದ್ದಾರೆಯೇ? ಊರಿನ ಬೇಕರಿಯ ಹೆಸರು ಸೇರಿಸಿ ಕಳಿಸಿದ ಒಂದು ಸುಳ್ಳು ಸಂದೇಶ ಒಂದು ಕುಟುಂಬದ ದುಡಿಮೆಯನ್ನೇ ನಿಲ್ಲಿಸಬಲ್ಲದು. ತಿನಿಸಿನಲ್ಲಿ ನಿಜವಾಗಿಯೂ ಹುಳ ಅಥವಾ ಅನುಮಾನದ ಬಣ್ಣ ಕಂಡರೆ ಬಿಲ್ಲು, ತುಂಡು, ಚಿತ್ರ ಇಟ್ಟುಕೊಂಡು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಅಥವಾ 1800112100 ಸಂಖ್ಯೆಗೆ ದೂರು ಕೊಡಿ. ಗುಂಪಿಗೆ ಹಾಕಿದರೆ ಸುದ್ದಿ ಹಬ್ಬುತ್ತದೆ ಅಷ್ಟೇ. ಅಧಿಕಾರಿಗಳಿಗೆ ತಿಳಿಸಿದರೆ ಪರೀಕ್ಷೆ ಆಗುತ್ತದೆ.