ಸಾಕುನಾಯಿಗೆ ಲಕ್ವಾ ಹೊಡೆದಂಗ ಕಂಡರೆ ಏನು ಮಾಡಬೇಕು?

ಬಾಗಲಕೋಟೆ: ರಾತ್ರಿ ರೊಟ್ಟಿ ತಿಂದು ಚೆನ್ನಾಗೇ ಮಲಗಿದ್ದ ನಾಯಿ ಬೆಳಗ್ಗೆ ಏಳಲು ಹೋಗಿ ಒಂದೇ ಮಗ್ಗುಲಿಗೆ ಬೀಳುತ್ತದೆ. ತಲೆ ಒಂದು ಕಡೆ ವಾಲಿರುತ್ತದೆ, ಕಣ್ಣುಗುಡ್ಡೆ ಅತ್ತಿತ್ತ ಹೊಯ್ದಾಡುತ್ತಿರುತ್ತದೆ, ಎತ್ತಿ ನಿಲ್ಲಿಸಿದರೆ ಸುತ್ತು ಹೊಡೆಯುತ್ತದೆ. ನೋಡಿದವರು ‘ಲಕ್ವಾ ಹೊಡದೈತ್ರಿ, ಇನ್ನ ಉಳಿಯಂಗಿಲ್ಲ’ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಹೀಗೆ ಬಿದ್ದ ನಾಯಿಗಳಲ್ಲಿ ಬಹಳಷ್ಟು ಮತ್ತೆ ಎದ್ದು ಓಡಾಡುತ್ತವೆ. ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಮನೆಗೆ, ಅಂಗಡಿಗೆ, ಹೊಲಕ್ಕೆ ನಾಯಿ ಸಾಕಿದವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಇಲ್ಲವೇ ಒಡೆದರೆ ಅದು ಲಕ್ವಾ. ಮನುಷ್ಯರಲ್ಲಿ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಮುಖ್ಯ ಗುರುತು. ನಾಯಿಯಲ್ಲಿ ಹಾಗಲ್ಲ. ತೋಲ ತಪ್ಪುವುದು, ತಲೆ ವಾಲುವುದು, ಒಂದೇ ದಿಕ್ಕಿಗೆ ಸುತ್ತುವುದು, ಒಂದು ಬದಿಯ ಕಣ್ಣು ಕಾಣದೆ ಗೋಡೆಗೆ ತಾಗುವುದು, ಫಿಟ್ಸ್ ಬರುವುದು, ಇವೇ ಹೆಚ್ಚು. ಎಲ್ಲವೂ ಒಮ್ಮೆಲೇ ಬರುತ್ತವೆ, ಮೊದಲ ದಿನ ಕಳೆದ ಮೇಲೆ ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ. ದಿನದಿಂದ ದಿನಕ್ಕೆ ಹೆಚ್ಚಾಗುತ್ತಲೇ ಹೋದರೆ ಕಾರಣ ಬೇರೆ ಇರಬಹುದು: ಗಡ್ಡೆ, ಸೋಂಕು, ಉಣ್ಣೆಯಿಂದ ಬರುವ ಜ್ವರ.

ವಯಸ್ಸಾದ ನಾಯಿಯಲ್ಲಿ ಲಕ್ವಾ ಎಂದುಕೊಂಡದ್ದು ಎಷ್ಟೋ ಸಲ ಲಕ್ವಾ ಆಗಿರುವುದೇ ಇಲ್ಲ. ಒಳಗಿವಿಯಲ್ಲಿ ತೋಲ ಕಾಯುವ ವ್ಯವಸ್ಥೆ ದಿಢೀರ್ ಕೈಕೊಡುತ್ತದೆ. ತಲೆ ವಾಲುವುದು, ಕಣ್ಣು ಹೊಯ್ದಾಡುವುದು, ವಾಂತಿ, ಎಲ್ಲ ಲಕ್ವಾದಂತೆಯೇ. ಆದರೆ ನಾಯಿ ಎಚ್ಚರವಾಗಿರುತ್ತದೆ, ಕರೆದರೆ ಕಿವಿ ನಿಮಿರಿಸುತ್ತದೆ, ಕಾಲಲ್ಲಿ ಬಲ ಇರುತ್ತದೆ. ಇದು ಸಾಮಾನ್ಯವಾಗಿ 72 ತಾಸಿನೊಳಗೆ ಇಳಿಯತೊಡಗುತ್ತದೆ, ಎರಡು ಮೂರು ವಾರದಲ್ಲಿ ನಾಯಿ ಮೊದಲಿನಂತಾಗುತ್ತದೆ. ಕೆಲವಕ್ಕೆ ತಲೆ ಸ್ವಲ್ಪ ವಾಲಿದ್ದು ಹಾಗೇ ಉಳಿಯುತ್ತದೆ, ಅದರಿಂದ ತೊಂದರೆಯೇನಿಲ್ಲ. ಮೊದಲ ದಿನದ ಅವತಾರ ನೋಡಿ ಕೊನೆಗಾಣಿಸಲು ಮುಂದಾಗುವುದು ತಪ್ಪು ಅನ್ನುವುದು ಇದಕ್ಕೇ.

ಓಡುವಾಗ, ಜಿಗಿಯುವಾಗ ಒಮ್ಮೆ ಕುಂಯ್ಗುಟ್ಟಿ ಹಿಂಗಾಲು ಎಳೆಯತೊಡಗಿದರೆ ಅದು ಮಿದುಳಿನದಲ್ಲ, ಬೆನ್ನುಹುರಿಯ ತೊಂದರೆ. ಬೆನ್ನುಹುರಿಗೂ ಲಕ್ವಾದ ಹಾಗೆ ರಕ್ತ ನಿಲ್ಲುವುದುಂಟು. ಕಾಲಬೆರಳು ಬಲವಾಗಿ ಚಿವುಟಿದಾಗ ನೋವು ತಿಳಿಯುತ್ತಿದ್ದರೆ ಚೇತರಿಕೆಯ ಆಸೆ ಚೆನ್ನಾಗಿದೆ. ಆದರೆ ಆ ಪರೀಕ್ಷೆ ಡಾಕ್ಟರ್ ಮಾಡಲಿ, ನೋವಾದ ನಾಯಿ ಸಾಕಿದವರನ್ನೂ ಕಚ್ಚುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ರೇಬಿಸ್, ಅಂದರೆ ಹುಚ್ಚುನಾಯಿ ರೋಗ. ಹುಚ್ಚು ಹಿಡಿದ ನಾಯಿ ಯಾವಾಗಲೂ ಬೊಗಳಿ ಬೆನ್ನಟ್ಟುತ್ತದೆ ಎಂದೇನಿಲ್ಲ. ಒಂದು ಬಗೆಯಲ್ಲಿ ಅದು ಮಂಕಾಗಿ ಮೂಲೆ ಹಿಡಿಯುತ್ತದೆ. ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲಾಗುವುದಿಲ್ಲ, ದನಿ ಬದಲಾಗುತ್ತದೆ, ಆಮೇಲೆ ಕಾಲು ಬಿದ್ದುಹೋಗುತ್ತವೆ. ಮನೆಯವರು ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುತ್ತಾರೆ. ಅಪಾಯ ಇರುವುದೇ ಅಲ್ಲಿ. ಲಸಿಕೆ ಆಗದ ನಾಯಿಯಲ್ಲಿ ಈ ಗುರುತು ಕಂಡರೆ ಮುಟ್ಟದೆ, ಮಕ್ಕಳನ್ನು ದೂರ ಇಟ್ಟು, ಒಂದು ಕೋಣೆಯಲ್ಲಿ ಕೂಡಿಹಾಕಿ ಪಶು ವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ಮದ್ದಿಲ್ಲ.

ಬ್ಯಾಸಗಿಯಲ್ಲಿ ಇನ್ನೊಂದು ಗೊಂದಲ. ಏಪ್ರಿಲ್–ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಕಟ್ಟಿದ ನಾಯಿ ಜೋರಾಗಿ ತೇಗುತ್ತ, ವಸಡು ಕೆಂಪಾಗಿ, ಮೈ ಕಾದು ಬಿದ್ದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈಯೆಲ್ಲ ತಣ್ಣೀರಲ್ಲಿ ತೋಯಿಸಿ ಫ್ಯಾನ್ ಹಚ್ಚಬೇಕು, ಆಮೇಲೆ ಆಸ್ಪತ್ರೆ. ಹೊಲಕ್ಕೆ ಹೊಡೆಯುವ ಎಣ್ಣಿ ನೆಕ್ಕಿದ ನಾಯಿಗೆ ಜೊಲ್ಲು, ವಾಂತಿ, ಮೈನಡುಕ ಬರುತ್ತದೆ. ಕಿರಾಣಿ ಅಂಗಡಿಯವರು ಇಡುವ ಕೆಲವು ಇಲಿ ಪಾಷಾಣಗಳಿಂದ ಮೈಯೊಳಗೇ ರಕ್ತ ಸೋರುತ್ತದೆ, ಮಿದುಳಿನಲ್ಲೂ ಸೋರಬಹುದು. ಪ್ಯಾಕೆಟ್ ಇದ್ದರೆ ಡಾಕ್ಟರ್ ಬಳಿ ಒಯ್ಯಿರಿ.

ರೇಬಿಸ್ ಅನುಮಾನವಿಲ್ಲ ಎಂದಾದರೆ ನಾಯಿಯನ್ನು ಮೆಟ್ಟಿಲು, ಬಾವಿ ಕಡೆ ಹೋಗದಂತೆ ತಡೆದು ಗದ್ದಲವಿಲ್ಲದ ಕಡೆ ಮಲಗಿಸಬೇಕು. ಫಿಟ್ಸ್ ಬಂದರೆ ಬಾಯಿಗೆ ಕೈ ಹಾಕಬಾರದು, ಮೂಗಿಗೆ ಚಪ್ಪಲಿ, ಉಳ್ಳಾಗಡ್ಡಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಎಷ್ಟು ಹೊತ್ತು ಬಂತು ಎಂದು ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಒಂದೇ ದಿನ ಎರಡು ಮೂರು ಸಲ ಬಂದರೆ ತಡಮಾಡುವಂತಿಲ್ಲ. ಮನುಷ್ಯರ ಗುಳಿಗೆ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ರಕ್ತ ಸೋರಿದ ಲಕ್ವಾ ಆಗಿದ್ದರೆ ಆಸ್ಪಿರಿನ್ ಅದನ್ನು ಇನ್ನೂ ಹೆಚ್ಚಿಸುತ್ತದೆ. ಔಷಧ ಅಂಗಡಿಯವರೂ ‘ನಾಯಿಗ್ರೀ’ ಅಂದವರಿಗೆ ಗುಳಿಗೆ ಕೊಡದೆ ಪಶು ಆಸ್ಪತ್ರೆಗೆ ಕಳಿಸುವುದು ಒಳಿತು.

ಮನುಷ್ಯರಿಗೆ ಕೊಡುವಂತೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ನಾಯಿಗೆ ರೂಢಿಯಲ್ಲಿಲ್ಲ. ಲಕ್ವಾ ಎಂದು ಖಚಿತಪಡಿಸಲು ಎಂಆರ್‌ಐ ಬೇಕು, ಅದು ದೊಡ್ಡ ಊರಿನ ಮಾತು. ಆದರೆ ಮೂಲ ಕಾರಣವನ್ನು ತಾಲೂಕು ಮಟ್ಟದಲ್ಲೇ ಹುಡುಕಲು ಶುರುಮಾಡಬಹುದು. ಕಿಡ್ನಿ ತೊಂದರೆ, ಬಿಪಿ, ಹೃದ್ರೋಗ, ಹಾರ್ಮೋನು ಏರುಪೇರು ಇದ್ದರೆ ರಕ್ತ ಪರೀಕ್ಷೆ, ತಪಾಸಣೆಯಲ್ಲಿ ಸುಳಿವು ಸಿಗುತ್ತದೆ, ಅದಕ್ಕೆ ಮದ್ದೂ ಇದೆ.

ಮುಂದಿನದು ಆರೈಕೆ. ಇಳಕಲ್ ಕಡೆ ಮನೆಗಳಲ್ಲಿ ನುಣುಪಾದ ಗ್ರಾನೈಟ್ ನೆಲವೇ ನಾಯಿಗೆ ದೊಡ್ಡ ಶತ್ರು, ಗೋಣಿಚೀಲ ಹಾಸಿ. ಮಲಗಲು ದಪ್ಪನೆಯ ಕೌದಿ ಇರಲಿ. ಏಳಲಾಗದ ನಾಯಿಯ ಮಗ್ಗುಲನ್ನು ಮೂರು ನಾಲ್ಕು ತಾಸಿಗೊಮ್ಮೆ ಬದಲಿಸದಿದ್ದರೆ ಹುಣ್ಣಾಗುತ್ತದೆ. ನೀರು, ಗಂಜಿಯನ್ನು ತಲೆ ಎತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಕೊಡಬೇಕು. ನುಂಗದ ನಾಯಿಗೆ ಸುರಿದರೆ ಪುಪ್ಪುಸಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ನಿಲ್ಲಲು ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿಯಬಹುದು. ಒಂದು ಇಡೀ ದಿನ ಉಚ್ಚೆ ಹೊಯ್ಯದಿದ್ದರೆ ಡಾಕ್ಟರಿಗೆ ಹೇಳಬೇಕು.

ವಿದೇಶದಲ್ಲಿ ಗ್ರೇಹೌಂಡ್ ತಳಿಯಲ್ಲಿ ಲಕ್ವಾ ಹೆಚ್ಚು ಕಂಡಿದೆ. ಜಿಲ್ಲೆಯ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿ ಮೇಲೂ ಬಂದ ಮುಧೋಳ ನಾಯಿ ಮೈಕಟ್ಟಿನಲ್ಲಿ ಅದರ ನೆಂಟನಂತಿದ್ದರೂ ಆ ಮಾತನ್ನು ಇದಕ್ಕೆ ನೇರ ಹೊಂದಿಸಲಾಗದು. ಈ ತಳಿ ಸಾಕಿದವರಿಗೆ ಬೀದರ್ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ತಾಲೂಕಿನ ತಿಮ್ಮಾಪುರದಲ್ಲೇ ಇದೆ.

ಪಶು ಸಹಾಯವಾಣಿ ಸಂಖ್ಯೆ 1962. ಆಸ್ಪತ್ರೆಗೆ ಹೋಗುವ ಮುನ್ನ ನಾಯಿ ನಡೆಯುವುದನ್ನೂ ಕಣ್ಣು ಹೊಯ್ದಾಡುವುದನ್ನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ನಿಂತುಹೋಗಿರಬಹುದು. ರೇಬಿಸ್ ಲಸಿಕೆಯ ಚೀಟಿಯೂ ಜೊತೆಗಿರಲಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.