ರೊಟ್ಟಿ ಇಂದಿನದೋ, ನಾಳೆಯದೋ?

ಲೋಕದಾದ್ಯಂತ ಕ್ರೈಸ್ತರು ನಿತ್ಯವೂ ಹೇಳುವ ಪ್ರಾರ್ಥನೆಯಲ್ಲಿ ಅರ್ಥ ಇನ್ನೂ ಇತ್ಯರ್ಥವಾಗದ ಪದವೊಂದಿದೆ ಎಂದರೆ ಅಚ್ಚರಿಯಾದೀತು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಗ್ರೀಕ್ ಪಾಠದಲ್ಲಿ ರೊಟ್ಟಿಗೆ ಒಂದು ವಿಶೇಷಣವಿದೆ: 'ಎಪಿಯೂಸಿಯೊಸ್'. ಕನ್ನಡದಲ್ಲಿ ನಾವು ಅದನ್ನು 'ಅನುದಿನದ' ಎಂದು ಓದುತ್ತೇವೆ.

ಈ ಪದ ಬೈಬಲಿನಲ್ಲಿ ಬರುವುದು ಎರಡೇ ಕಡೆ: ಮತ್ತಾಯ 6:11 ಮತ್ತು ಲೂಕ 11:3. ಎರಡರಲ್ಲೂ ರೂಪ ಒಂದೇ, ದ್ವಿತೀಯಾ ವಿಭಕ್ತಿಯ 'ಎಪಿಯೂಸಿಯೊನ್'. ದಿನದ ಆಹಾರ ಎನ್ನಲು ಗ್ರೀಕ್‌ನಲ್ಲಿ ಬೇರೆ ಪದವಿರಲಿಲ್ಲವೆಂದಲ್ಲ. ಯಾಕೋಬನ ಪತ್ರಿಕೆಯಲ್ಲಿ (2:15) 'ಎಫೆಮೆರೊಸ್' ಎಂಬ ಬಳಕೆಯ ಪದವೇ ಇದೆ. ಹಾಗಿದ್ದೂ ಇಲ್ಲೇಕೆ ಈ ಅಪರೂಪದ ಪದ? ಪಂಡಿತರಾಗಲಿ ಸಾಮಾನ್ಯರಾಗಲಿ ಇದನ್ನು ಬಳಸುವುದಿಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿರಬೇಕು ಎಂದು 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ವಿದ್ವಾಂಸ ಒರಿಗೆನ್ ಬರೆದ.

ಪದವನ್ನು ಬಿಡಿಸಲು ದಾರಿಗಳು ಹಲವು. 'ಎಪಿ' ಜತೆ 'ಊಸಿಯ' (ಇರುವಿಕೆ) ಸೇರಿದೆಯೆಂದರೆ 'ಬದುಕಿಗೆ ಬೇಕಾದಷ್ಟು' ಎಂದಾಗುತ್ತದೆ. 'ಬರಲಿರುವ ದಿನ' ಎಂಬರ್ಥದ 'ಎಪಿಯೂಸ'ದಿಂದ ಬಂದುದಾದರೆ 'ನಾಳೆಯ' ರೊಟ್ಟಿ. 4ನೇ ಶತಮಾನದ ಕೊನೆಯಲ್ಲಿ ಲ್ಯಾಟಿನ್ ಪಾಠ ಪರಿಷ್ಕರಿಸಿದ ಜೆರೋಮ್, ಲೂಕನಲ್ಲಿ ಇದನ್ನು 'ದಿನನಿತ್ಯದ' ಎಂದಿಟ್ಟು, ಮತ್ತಾಯನಲ್ಲಿ 'ಭೌತಿಕವನ್ನು ಮೀರಿದ' ಎಂಬರ್ಥದ ಪದ ಹಾಕಿದ! ಹೀಬ್ರೂಗಳ ಸುವಾರ್ತೆಯಲ್ಲಿ ಇದೇ ಸ್ಥಳದಲ್ಲಿ 'ಮಹರ್', ಅಂದರೆ 'ನಾಳೆ', ಎಂದಿತ್ತೆಂದು ಹೇಳಿದವನೂ ಅವನೇ.

ಒಮ್ಮೆ ಗುಟ್ಟು ರಟ್ಟಾಯಿತೆಂದೇ ಅನೇಕರು ಭಾವಿಸಿದರು. ಈಜಿಪ್ಟಿನ ಹವಾರದಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೆಗೆದ ಪಪೈರಸ್ ಹಾಳೆಯೊಂದರ ಖರ್ಚಿನ ಪಟ್ಟಿಯಲ್ಲಿ ಎ. ಎಚ್. ಸೇಸ್ ಈ ಪದದ ಮೊದಲ ಅಕ್ಷರಗಳನ್ನು ಓದಿದ್ದರು. ಹಾಗಾದರೆ 'ದಿನದ ಪಡಿ' ಎಂದೇ ಅರ್ಥವಿರಬೇಕು! ಆದರೆ ಮುಂದೆ ಆ ಹಾಳೆಯೇ ಕಣ್ಮರೆಯಾಯಿತು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪತ್ತೆಯಾದಾಗ ಮತ್ತೆ ಓದಿ ನೋಡಿದರು. ಅಲ್ಲಿದ್ದುದು 'ಎಲೈಯೂ', ಅಂದರೆ ಎಣ್ಣೆ!

ಇದು ಬರಿಯ ವ್ಯಾಕರಣದ ಜಗಳವಲ್ಲ. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಆಳುಗಳು ದಿನಕ್ಕೊಂದು ದಿನಾರಿಯ ಕೂಲಿಗೆ ಸಂತೆಬೀದಿಯಲ್ಲಿ ಕಾದವರು. ಅಂಥವರಿಗೆ ನಾಳೆಯ ಊಟ ಇಂದೇ ಕೈಗೆ ಬರುವುದೆಂದರೆ ಒಂದು ರಾತ್ರಿಯ ನೆಮ್ಮದಿ. ಆದರೆ ಪ್ರಾರ್ಥನೆ ಬರುವ 6ನೇ ಅಧ್ಯಾಯವೇ ನಾಳೆಯ ಚಿಂತೆ ಬೇಡವೆನ್ನುತ್ತದೆ. ಹೀಗಾಗಿ ಎರಡೂ ಕಡೆಯ ವಾದಕ್ಕೆ ಬಲವುಂಟು. ಅನುವಾದಕ ಯಾವುದಾದರೊಂದನ್ನು ಆರಿಸಲೇಬೇಕು. 'ಅನುದಿನದ' ಎಂಬುದು ಅಂಥ ಒಂದು ಆಯ್ಕೆ.